ಪವಿತ್ರಾತ್ಮನು ಕೊಡೋದಾದ್ರೆ ಕಲಿಯೋದು ಯಾಕೆ?

ಎಲ್ಲರೂ ಕೂತ್ಕೊಳ್ಳಿ. ಬೈಬಲ್ ತಂದವರು ಅಪೊಸ್ತಲರ ಕೃತ್ಯಗಳು 14ನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ. ಫೋನಲ್ಲಿ ಓದೋರು ದಯವಿಟ್ಟು ವಾಟ್ಸಾಪ್ ಮುಚ್ಚಿ.

ನಮ್ಮ ಯೂತ್ ಗುಂಪಿನ ಒಬ್ಬ ತಮ್ಮ ಒಡಿಶಾಗೆ ಸೇವೆಗೆ ಹೊರಟಿದ್ದಾನೆ, ನಿಮಗೆಲ್ಲ ಗೊತ್ತು. ಕೆಲಸ ಬಿಟ್ಟಿದ್ದಾನೆ, ಮನೆಯವರನ್ನ ಒಪ್ಪಿಸಿದ್ದಾನೆ. ಆದರೆ ಅಲ್ಲಿಗೆ ಹೋದ ಕೂಡಲೇ ಸುವಾರ್ತೆ ಹೇಳೋ ಹಾಗಿಲ್ಲವಂತೆ. ಮೊದಲು ಆರು ತಿಂಗಳು ಒಡಿಯಾ ಕಲಿಯಬೇಕು, ಸಂಜೆ ಮಕ್ಕಳಿಗೆ ಪಾಠ ಹೇಳೋ ತರಬೇತಿ ತಗೋಬೇಕು. ಹೋದ ವಾರ ಬಂದು ಕೇಳಿದ, "ಪಾಸ್ಟರ್ ಅಣ್ಣ, ಪಂಚಾಶತ್ತಮದ ದಿನ ಆತ್ಮನು ಕ್ಷಣದಲ್ಲಿ ಭಾಷೆ ಕೊಟ್ಟನಲ್ಲ. ನಾವು ಪೆಂತೆಕೋಸ್ತಿನವರಾಗಿ ಆರು ತಿಂಗಳು ಅ ಆ ಇ ಈ ತಿದ್ದಬೇಕಾ? ಇದು ಅಪನಂಬಿಕೆ ಅಲ್ವಾ?"

ಈ ಪ್ರಶ್ನೆಗೆ ನಾನು ನಗಲಿಲ್ಲ. ಯಾಕಂದ್ರೆ ನಮ್ಮ ಹಿರಿಯರೇ ಇದನ್ನ ಕೇಳಿದ್ರು, ಕೇಳಿ ಸುಮ್ಮನಾಗದೆ ಹಡಗು ಹತ್ತಿದ್ರು.

1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ವಿಲಿಯಂ ಸೀಮೋರ್ ನಡೆಸಿದ ಉಜ್ಜೀವನದ ಬಗ್ಗೆ ಈ ವೇದಿಕೆಯಿಂದ ಎಷ್ಟೋ ಸಲ ಕೇಳಿದ್ದೀರಿ. ಕಡಿಮೆ ಕೇಳಿರೋ ಒಂದು ವಿಷಯ ಇದೆ. ಅನ್ಯಭಾಷೆ ಅಂದ್ರೆ ಲೋಕದಲ್ಲಿ ಜನ ನಿಜವಾಗಿ ಆಡೋ ಭಾಷೆ, ಸುವಾರ್ತೆಗೋಸ್ಕರ ಕೊಟ್ಟದ್ದು ಅಂತ ಅಲ್ಲಿ ಬಹಳ ಜನ ನಂಬಿದ್ರು. ಸೀಮೋರ್‌ಗೆ ಪಾಠ ಹೇಳಿದ್ದ ಚಾರ್ಲ್ಸ್ ಪಾರಮ್ ಕಲಿಸಿದ್ದೂ ಅದನ್ನೇ. ಅದೇ ವರ್ಷ ಅಲ್ಲಿ ಅಭಿಷೇಕ ಹೊಂದಿದ ಆಲ್ಫ್ರೆಡ್ ಗಾರ್ ಅನ್ನೋ ಸೇವಕರು ತಮಗೆ ಸಿಕ್ಕಿದ್ದು ಬಂಗಾಳಿ ಅಂತ ನಂಬಿದ್ರು. ಹೆಂಡತಿ ಲಿಲಿಯನ್ ತಮ್ಮ ಬಾಯಲ್ಲಿ ಬಂದದ್ದು ಟಿಬೆಟಿನ ಭಾಷೆ, ಚೀನೀ ಭಾಷೆ ಅಂತ ತಿಳಿದ್ರು. ನಿಘಂಟು ಬೇಡ, ಮೇಷ್ಟ್ರು ಬೇಡ ಅಂತ ಇಬ್ಬರೂ ಕಲ್ಕತ್ತಾಗೆ ಬಂದ್ರು. 1907ರ ಶುರುವಿಗೆ ಅಲ್ಲಿದ್ರು.

ಬಂಗಾಳಿ ಬರಲಿಲ್ಲ. ಜನಕ್ಕೆ ಒಂದು ಮಾತೂ ತಿಳಿಯಲಿಲ್ಲ.

ಆ ರಾತ್ರಿಗಳನ್ನ ಸ್ವಲ್ಪ ಯೋಚಿಸಿ ನೋಡಿ. ಮನೆಮಠ ಬಿಟ್ಟು ಬಂದಿದ್ದಾರೆ. ನಾನಾಗಿದ್ದಿದ್ರೆ ಎರಡರಲ್ಲಿ ಒಂದು ಮಾಡ್ತಿದ್ದೆ. ಇಲ್ಲ, ದೇವರು ಮೋಸ ಮಾಡಿದ ಅಂತ ಊರಿಗೆ ಹೋಗ್ತಿದ್ದೆ. ಇಲ್ಲ, ಈ ಜನರ ಹೃದಯವೇ ಕಠಿಣ ಅಂತ ಅವರ ಮೇಲೆ ಹಾಕ್ತಿದ್ದೆ. ಗಾರ್ ಎರಡನ್ನೂ ಮಾಡಲಿಲ್ಲ. ಇಂಗ್ಲಿಷ್ ಬಲ್ಲ ಮಿಷನರಿಗಳ ಮಧ್ಯೆ ಬೋಧಿಸಿದ್ರು, ಅಲ್ಲಿ ಒಂದು ಉಜ್ಜೀವನವೂ ಆಯ್ತು. ಅದೇ ವರ್ಷ ಹಾಂಗ್‌ಕಾಂಗಿಗೆ ಹೋದ್ರು. ಅಲ್ಲಿ ಮೋಕ್ ಲಾಯ್ ಚಿ ಅನ್ನೋ ಶಾಲಾ ಶಿಕ್ಷಕರು ಅವರ ಮಾತನ್ನ ಅನುವಾದ ಮಾಡ್ತಿದ್ರು. ಗಾರ್ ಎಲ್ಲರ ಹಾಗೆ ಪಾಠ ಹೇಳಿಸ್ಕೊಂಡು ಚೀನೀ ಭಾಷೆ ಕಲಿಯೋಕೆ ಕೂತ್ರು. ಆತ್ಮಾಭಿಷೇಕ ಸುಳ್ಳು ಅಂತ ಅವರು ಒಂದು ದಿನವೂ ಅನ್ನಲಿಲ್ಲ. ಅದು ಯಾತಕ್ಕೆ ಕೊಟ್ಟದ್ದು ಅನ್ನೋ ತಿಳುವಳಿಕೆ ಮಾತ್ರ ಬದಲಾಯ್ತು. ಮುಂದೆ ಹಾಂಗ್‌ಕಾಂಗಿನ ಪೆಂತೆಕೋಸ್ತ್ ಸಭೆಯನ್ನ ನಡೆಸಿದ್ದು ಯಾರು ಗೊತ್ತಾ? ಅನುವಾದ ಮಾಡ್ತಿದ್ದ ಆ ಮೇಷ್ಟ್ರು.

ನನ್ನನ್ನ ಕಾಡೋ ಪ್ರಶ್ನೆ ಇದು. ದೇವರು ಕ್ಷಣದಲ್ಲಿ ಕೊಡಬಹುದಾದದ್ದನ್ನ ಯಾಕೆ ವರ್ಷಗಟ್ಟಲೆ ಕಲಿಸ್ತಾನೆ? ಶಕ್ತಿ ಇಲ್ಲದೆ ಅಲ್ಲ. ಹಾಗಾದ್ರೆ ಕಲಿಯೋದರಲ್ಲಿ ಏನಿದೆ?

ಈಗ ಕೃತ್ಯಗಳು 14 ನೋಡಿ. ಲುಸ್ತ್ರದಲ್ಲಿ ಹುಟ್ಟುಕುಂಟ ಎದ್ದು ನಡೆದ. ಜನ ಲುಕವೋನ್ಯ ಭಾಷೆಯಲ್ಲಿ ಕೂಗಿದ್ರು, ದೇವತೆಗಳೇ ಮನುಷ್ಯರಾಗಿ ಇಳಿದು ಬಂದಿದ್ದಾರೆ ಅಂತ. ಬಾರ್ನಬನಿಗೂ ಪೌಲನಿಗೂ ತಮ್ಮ ದೇವರುಗಳ ಹೆಸರಿಟ್ರು. ಪೂಜಾರಿ ಎತ್ತು, ಹೂಮಾಲೆ ತಂದ. ಅಷ್ಟು ಹೊತ್ತು ಪೌಲ ಏನು ಮಾಡ್ತಿದ್ದ? ಬಟ್ಟೆ ಹರ್ಕೊಂಡು ಓಡಿದ್ದು ಆಮೇಲೆ. ಕೂಗಿದ ಕೂಡಲೇ ತಡೆಯಲಿಲ್ಲ. ನಾನು ಓದಿಕೊಳ್ಳೋದು ಹೀಗೆ: ಆ ಕೂಗು ಅವನಿಗೆ ಅರ್ಥ ಆಗಲಿಲ್ಲ. ಭಾಷೆ ಯಾವುದು ಅಂತ ಲೂಕನು ಬಿಡಿಸಿ ಬರೆದಿರೋದೂ ಅದಕ್ಕೇ ಇರಬೇಕು. ಇದೇ ಪೌಲ ಕೊರಿಂಥದವರಿಗೆ, ನಿಮ್ಮೆಲ್ಲರಿಗಿಂತ ಹೆಚ್ಚಾಗಿ ಅನ್ಯಭಾಷೆ ಆಡ್ತೀನಿ ಅಂತ ಬರೆದವನು. ಅಭಿಷೇಕ ಇತ್ತು. ಅದ್ಭುತ ನಡೀತು. ಆದ್ರೂ ಎದುರಿಗಿರೋರು ಏನಂತಿದ್ದಾರೆ ಅಂತ ತಿಳಿಯಲಿಲ್ಲ. ತಿಳಿಯದೆ ಇದ್ದದ್ದಕ್ಕೆ ಆ ಅದ್ಭುತ ವಿಗ್ರಹಾರಾಧನೆಯ ಹತ್ತಿರಕ್ಕೆ ಹೋಗಿಬಿಡ್ತು.

ಪೌಲನ ಮಾತು ಬಿಡಿ, ನನ್ನದೇ ಸಾಕ್ಷಿ ಹೇಳ್ತೀನಿ. ಬೈಬಲ್ ಕಾಲೇಜಲ್ಲಿ ಡಿಪ್ಲೊಮಾ ಮುಗಿಸಿದ ವರ್ಷ ನನ್ನನ್ನ ರಾಯಚೂರು ಕಡೆಯ ಒಂದು ಹಳ್ಳಿಗೆ ಕಳಿಸಿದ್ರು. ನನ್ನದು ಕನ್ನಡ, ಅವರದೂ ಕನ್ನಡ, ತರಬೇತಿ ಯಾಕೆ ಅಂತ ಧೈರ್ಯ. ಎರಡನೇ ದಿನ ಒಬ್ಬ ಅಜ್ಜಿ ಮನೆಗೆ ಹೋದೆ. "ಬರ್ರಿ, ಕೂಡ್ರಿ" ಅಂದ್ರು. ಆಮೇಲೆ ಮೆಲ್ಲಗೆ, "ನಾಕು ದಿನ ಆತ್ರಿ, ಆರಾಮಿಲ್ಲ. ಪ್ರಾರ್ಥನಾ ಮಾಡ್ರಿ" ಅಂದ್ರು.

ಆರಾಮಿಲ್ಲ! ನನಗೆ ತಕ್ಷಣ ಮತ್ತಾಯ 11:28 ಹೊಳೀತು. ಹೊರೆ ಹೊತ್ತವರಿಗೆ ಯೇಸು ಕೊಡೋ ವಿಶ್ರಾಂತಿ. ಇಪ್ಪತ್ತೈದು ನಿಮಿಷ ಬೋಧಿಸಿದೆ. ಮನಸ್ಸಿನ ವಿಶ್ರಾಂತಿ, ಆತ್ಮದ ವಿಶ್ರಾಂತಿ, ನಿತ್ಯ ವಿಶ್ರಾಂತಿ. ಅಜ್ಜಿ ತಲೆ ತಗ್ಗಿಸಿ ಕೂತಿದ್ರು, ವಾಕ್ಯ ಮುಟ್ಟಿದೆ ಅಂದ್ಕೊಂಡೆ. ಹೊರಗೆ ಬಂದಮೇಲೆ ಜೊತೆಗಿದ್ದ ಹಿರಿಯ ಸೇವಕರು ಹೇಳಿದ್ರು, "ತಮ್ಮಾ, ಆಕಿಗೆ ಜ್ವರ. ಆರಾಮಿಲ್ಲ ಅಂದ್ರ ಅದು. ನೀ ಏನು ಹೇಳಾಕತ್ತಿದ್ದಿ? ತಲಿ ಮ್ಯಾಲ ಕೈ ಇಟ್ಟಿದ್ರ ನಿನಗ ತಿಳೀತಿತ್ತು."

ನಮ್ಮ ಬೆಂಗಳೂರಲ್ಲಿ ಹುಷಾರಿಲ್ಲ ಅಂತೀವಲ್ಲ, ಅಷ್ಟೇ. ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸೋ ಸಭೆಯಿಂದ ಹೋದವನು ನಾನು. ಕೈ ಇಡಲಿಲ್ಲ. ಹೇಳೋದು ಅಷ್ಟೊಂದಿತ್ತು ನನ್ನ ಹತ್ರ.

ಆ ಅಣ್ಣ ನನ್ನನ್ನ ಸಂಜೆ ಪಾಠಶಾಲೆಯಲ್ಲಿ ಕೂರಿಸಿದ್ರು. ಮೂರು ವಾರ ಪಾಠ ಮಾಡಬಾರದು, ಮಕ್ಕಳ ಹತ್ರ ಕಲಿಯಬೇಕು. ನಾಲ್ಕನೇ ಕ್ಲಾಸಿನ ಹುಡುಗಿ ನನಗೆ ಮೇಡಂ. ಈರುಳ್ಳಿ ಅಂದ್ರೆ ಅವಳಿಗೆ ನಗು, "ಉಳ್ಳಾಗಡ್ಡಿ ಅನ್ರೀ ಸರ್." ಅವಮಾನ ಆಗ್ತಿತ್ತು, ಸುಳ್ಳು ಹೇಳಲ್ಲ. ಆದರೆ ನಾಲ್ಕನೇ ವಾರ ಬೋರ್ಡ್ ಮುಂದೆ ನಿಂತಾಗ ಒಂದು ವ್ಯತ್ಯಾಸ ಕಂಡಿತು. ಆ ಮಕ್ಕಳು ತಿಳಿಯದ್ದನ್ನ ಹೆದರದೆ ಕೇಳ್ತಿದ್ರು. ಸರ್‌ಗೂ ತಪ್ಪಾಗುತ್ತೆ ಅಂತ ಅವರು ಮೂರು ವಾರ ನೋಡಿದ್ರಲ್ಲ! ಯಾವ ತರಬೇತಿ ಪುಸ್ತಕದಲ್ಲೂ ನನಗೆ ಅದು ಸಿಕ್ಕಿರಲಿಲ್ಲ. ಎಲ್ಲ ಬಲ್ಲವನಾಗಿ ಹೋಗಿದ್ದಿದ್ರೆ ಅವರು ಕೈಕಟ್ಟಿ ಕೂರ್ತಿದ್ರು, ನಾನು ಶಿಸ್ತು ಅಂದ್ಕೊಳ್ತಿದ್ದೆ.

ಪ್ರಿಯರೇ, ಭಾಷೆ ವರವಾಗಿ ಒಂದೇ ಸಲ ಬಂದುಬಿಟ್ರೆ ಆ ಊರಿನ ಯಾರ ಹಂಗೂ ನನಗಿರಲ್ಲ. ಕಲಿಯಬೇಕಾದ್ರೆ ಇರುತ್ತೆ. ಒಬ್ಬರ ಮುಂದೆ ಕೂತು, ನನಗೆ ಗೊತ್ತಿಲ್ಲ, ಹೇಳಿಕೊಡಿ ಅನ್ನಬೇಕು. ಆ ಕ್ಷಣ ಕೊಡೋರು ಅವರು, ತಗೊಳ್ಳೋನು ನಾನು. ಯೋಹಾನ 1:14ರ ವಾಕ್ಯವೆಂಬಾತನು ನಜರೇತಿನಲ್ಲಿ ಮರಿಯಳ ಮಡಿಲಲ್ಲಿ ತೊದಲು ಮಾತು ಕಲಿತನು. ಎಂಥ ಆಶ್ಚರ್ಯ ನೋಡಿ. ಸೃಷ್ಟಿಯನ್ನ ಮಾತಿನಿಂದ ಉಂಟುಮಾಡಿದಾತನು ಅಮ್ಮನ ಬಾಯಿಂದ ಮಾತು ಕಲಿತನು. ಹನ್ನೆರಡು ವರ್ಷದವನಾಗಿ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಕೇಳ್ತಿದ್ದ, ಪ್ರಶ್ನೆ ಹಾಕ್ತಿದ್ದ ಅಂತ ಲೂಕ 2 ಹೇಳುತ್ತೆ. ಸೇವೆ ಶುರು ಮಾಡಿದ್ದು ಹೆಚ್ಚುಕಡಿಮೆ ಮೂವತ್ತು ವರ್ಷಕ್ಕೆ. ನಮಗೆ ಆರು ತಿಂಗಳು ಜಾಸ್ತಿ ಅನ್ನಿಸುತ್ತೆ.

ಇದನ್ನ ಇಲ್ಲಿಗೇ ಬಿಟ್ರೆ ಅರ್ಧ ಮಾತ್ರ ಹೇಳಿದ ಹಾಗೆ. ಸಭೆಗೆ ಬಾರದ ಗೆಳೆಯನೊಬ್ಬ ನನ್ನನ್ನ ಕೇಳಿದ್ದ, "ಭಾಷೆ ಕಲಿಯೋದು, ಮಕ್ಕಳಿಗೆ ಪಾಠ ಹೇಳೋದು, ಇದೆಲ್ಲ ಗಾಳಕ್ಕೆ ಸಿಕ್ಕಿಸೋ ಎರೆಹುಳು ತಾನೇ?" ಕೋಪ ಬಂತು. ಆದ್ರೆ ಕೋಪ ಉತ್ತರ ಅಲ್ಲ. ನನ್ನನ್ನ ನಾನೇ ಕೇಳಿಕೊಂಡೆ. ಅವರ ಭಾಷೆ ಕಲಿತ ಮೇಲೆ ಅವರು, "ನಿಮ್ಮ ಮಾತು ಕೇಳಿದ್ವಿ, ನಮಗೆ ಬೇಡ" ಅಂತ ಅವರದೇ ಭಾಷೆಯಲ್ಲಿ ಹೇಳಿದ್ರೆ ನಾನು ಏನು ಮಾಡ್ತೀನಿ? ಮಾರನೇ ದಿನ ಪಾಠಕ್ಕೆ ಹೋಗ್ತೀನಾ? ಅಜ್ಜಿಗೆ ಮತ್ತೆ ಜ್ವರ ಬಂದ್ರೆ ಹೋಗಿ ಕೂರ್ತೀನಾ? ಹೋಗಲ್ಲ ಅಂತಾದ್ರೆ ಗೆಳೆಯ ಹೇಳಿದ್ದು ಸರಿ. ಗುಣವಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಂಬತ್ತು ಜನ ತಿರುಗಿ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಯೇಸು ಕೇಳಿದನು, ಆದರೆ ವಾಸಿಮಾಡಿದ್ದನ್ನ ವಾಪಸ್ ತಗೊಳ್ಳಲಿಲ್ಲ. ನಾನು ಆ ಮಟ್ಟಕ್ಕೆ ಬಂದಿದ್ದೀನಿ ಅಂತ ಈ ವೇದಿಕೆ ಮೇಲೆ ನಿಂತು ಹೇಳೋ ಧೈರ್ಯ ನನಗಿಲ್ಲ.

ನಮ್ಮ ತಮ್ಮನಿಗೆ ಏನು ಹೇಳಿದೆ ಅಂತ ಕೇಳ್ತೀರಾ? ಒಡಿಶಾ ಇರಲಿ, ಮೊದಲು ಕೆಳಗಡೆ ಇಳಿ ಅಂದೆ. ಪಕ್ಕದ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಅಣ್ಣ ಒಡಿಶಾದವರು. ಎರಡು ವರ್ಷದಿಂದ ಪ್ರತಿ ಭಾನುವಾರ ನಮ್ಮ ಬೈಕುಗಳಿಗೆ ಜಾಗ ಮಾಡಿ ಕೊಡ್ತಾರೆ. ಅವರ ಹೆಸರು ಎಷ್ಟು ಜನಕ್ಕೆ ಗೊತ್ತು, ಕೈ ಎತ್ತಿ? ನನಗೂ ಗೊತ್ತಿರಲಿಲ್ಲ.

ಇವನು ಬುಧವಾರ ಹೋಗಿ, ನನಗೆ ನಿಮ್ಮ ಭಾಷೆ ಕಲಿಸ್ತೀರಾ ಅಂತ ಕೇಳಿದ. ಅವರು ಮೊದಲು ನಂಬಲಿಲ್ಲವಂತೆ, ತಮಾಷೆ ಮಾಡ್ತಿದ್ದಾನೆ ಅಂದ್ಕೊಂಡ್ರಂತೆ. ಆಮೇಲೆ ಕುರ್ಚಿ ಎಳೆದು ಕೊಟ್ರಂತೆ, ತಾವು ನಿಂತ್ಕೊಂಡೇ ಕಲಿಸಿದ್ರಂತೆ. "ಆಪಣ ಕೆಮಿತಿ ಅಛನ್ತಿ", ನೀವು ಹೇಗಿದ್ದೀರಿ ಅಂತ. ನಾಲ್ಕು ದಿನ ಆಯ್ತು, ಇವನ ಉಚ್ಚಾರಣೆಗೆ ಅವರು ಇನ್ನೂ ನಗ್ತಾರೆ. ನಿನ್ನೆ ಆ ಪ್ರಶ್ನೆಗೆ ಅವರು ಏನೋ ಉದ್ದವಾಗಿ ಉತ್ತರ ಹೇಳಿದ್ರು, ಒಂದು ಪದವೂ ಅರ್ಥ ಆಗಲಿಲ್ಲ ಅಣ್ಣ, ಆದರೆ ಊರು, ಅಮ್ಮ ಅಂತ ಏನೋ ಇತ್ತು ಅಂದ. ಆರಾಧನೆ ಮುಗಿದ ಮೇಲೆ ಮತ್ತೆ ಕೆಳಗೆ ಹೋಗಿ ಕೇಳ್ತಾನಂತೆ.

ಎದ್ದು ನಿಲ್ಲೋಣ. ಅವರಿಗೋಸ್ಕರ, ಅವರ ಅಮ್ಮನಿಗೋಸ್ಕರ ಮೊದಲು ಪ್ರಾರ್ಥನೆ ಮಾಡೋಣ.