ಶಿಕ್ಷೆಯಿಲ್ಲದ ಸೆರೆ



ಧಮ್ಮ ಬಂಧುಗಳೇ, ಇಂದಿನ ಚಿಂತನೆ ಸ್ವಲ್ಪ ಉದ್ದವಿದೆ. ಬಿಡುವಾದಾಗ ಓದಿ.

ಕಳೆದ ಭಾನುವಾರ ಕಮ್ಮದ ಪಾಠ ಮುಗಿಯುವ ಹೊತ್ತಿಗೆ ಯುವ ಉಪಾಸಕರೊಬ್ಬರು ಕೇಳಿದರು: "ಸರ್, ಕಾಗದಪತ್ರ ಇಲ್ಲದೆ ದೇಶದೊಳಗೆ ಬಂದವರನ್ನು ಹಿಡಿದು ಕೂಡಿಹಾಕಿದರೆ ತಪ್ಪೇನು? ಕಾನೂನು ಮುರಿದವರು ಅದರ ಫಲ ಉಣ್ಣಬೇಕಲ್ಲವೇ? ಅದೂ ಕಮ್ಮವೇ ಅಲ್ಲವೇ?" ಹಾಲ್ ಖಾಲಿ ಮಾಡಬೇಕಿತ್ತು, ಮಾತು ಅಲ್ಲಿಗೇ ನಿಂತಿತು. ಪ್ರಶ್ನೆ ಒಳ್ಳೆಯದು. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಜೈಲಿಗೂ ಡಿಟೆನ್ಷನ್ ಸೆಂಟರಿಗೂ ಇರುವ ವ್ಯತ್ಯಾಸವನ್ನು ಮೊದಲು ನೋಡೋಣ. ಕಳ್ಳತನ ಮಾಡಿ ಮೂರು ವರ್ಷ ಶಿಕ್ಷೆಯಾದವನಿಗೆ ತಾನು ಹೊರಗೆ ಬರುವ ದಿನ ಗೊತ್ತಿರುತ್ತದೆ. ಗೋಡೆಯ ಮೇಲೆ ಗೀಟು ಎಳೆದು ಎಣಿಸಬಹುದು. ಡಿಟೆನ್ಷನ್ ಸೆಂಟರಿನಲ್ಲಿ ಇರುವವರಿಗೆ ಶಿಕ್ಷೆ ಆಗಿರುವುದಿಲ್ಲ. ಅವರ ದೇಶಕ್ಕೆ ಕಳಿಸುವವರೆಗೆ ಇಟ್ಟುಕೊಳ್ಳುವುದು, ಅಷ್ಟೇ ಅದರ ಉದ್ದೇಶ. ಆದರೆ ಆ ದೇಶ "ಇವರು ನಮ್ಮವರಲ್ಲ" ಅಂದುಬಿಟ್ಟರೆ? ಕಳಿಸಲು ಜಾಗವಿಲ್ಲ, ಬಿಡಲು ಮನಸ್ಸಿಲ್ಲ. ಶಿಕ್ಷೆಯಿಲ್ಲದ ಸೆರೆ ಶಿಕ್ಷೆಗಿಂತ ಉದ್ದವಾಗುವುದು ಹೀಗೆ.

ಅಸ್ಸಾಮಿನಲ್ಲಿ ಇದು ನಡೆಯಿತು. ವಿದೇಶಿ ಎಂದು ಘೋಷಿತರಾದವರನ್ನು ಗೋಲ್ಪಾರ, ಕೊಕ್ರಝಾರ್, ತೇಜ್‌ಪುರ, ಸಿಲ್ಚಾರ್, ದಿಬ್ರುಗಢ, ಜೋರ್ಹಾಟ್, ಈ ಆರು ಊರುಗಳ ಜೈಲುಗಳ ಒಳಗೇ ಇಟ್ಟರು. 2018ರ ಜನವರಿಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಪರವಾಗಿ ಹರ್ಷ ಮಂದರ್ ಅಲ್ಲಿಗೆ ಹೋಗಿ ನೋಡಿದರು. ಗಂಡ ಒಂದು ಜೈಲಿನಲ್ಲಿ, ಹೆಂಡತಿ ಇನ್ನೊಂದರಲ್ಲಿ. ಆರು ವರ್ಷ ದಾಟಿದ ಗಂಡುಮಕ್ಕಳು ತಾಯಿಯಿಂದ ದೂರ. ಕೊಲೆ ಕೇಸಿನ ಕೈದಿಗೆ ಸಿಗುವ ಪೆರೋಲ್ ಕೂಡ ಇವರಿಗಿಲ್ಲ. ವರದಿ ಕೊಟ್ಟರು. ಆಯೋಗ ಕ್ರಮ ಕೈಗೊಳ್ಳಲಿಲ್ಲವೆಂದು ಅದೇ ವರ್ಷ ಆ ಹುದ್ದೆ ಬಿಟ್ಟರು.

ಆಮೇಲೆ ಸುಪ್ರೀಂ ಕೋರ್ಟ್ ಸ್ವಲ್ಪ ಬಾಗಿಲು ತೆರೆಯಿತು. 2019ರ ಮೇ ತಿಂಗಳಲ್ಲಿ, ಮೂರು ವರ್ಷ ಒಳಗಿದ್ದವರನ್ನು ಬಿಡಬಹುದು ಎಂದಿತು. ಆದರೆ ತಲಾ ಒಂದು ಲಕ್ಷ ರೂಪಾಯಿಯ ಇಬ್ಬರು ಜಾಮೀನುದಾರರು ಬೇಕು. ಕೂಲಿ ಮಾಡಿ ಉಣ್ಣುವವರಿಗೆ ಎಲ್ಲಿಂದ ಬರಬೇಕು? ಕೊರೊನಾ ಬಂದ ಮೇಲೆ, 2020ರ ಏಪ್ರಿಲ್‌ನಲ್ಲಿ, ಮೂರು ವರ್ಷ ಎರಡಕ್ಕೆ ಇಳಿಯಿತು, ಒಂದು ಲಕ್ಷ ಐದು ಸಾವಿರಕ್ಕೆ ಇಳಿಯಿತು. ನೂರಾರು ಜನ ಮನೆಗೆ ಹೋದರು. ವಾರಕ್ಕೊಮ್ಮೆ ಪೊಲೀಸ್ ಠಾಣೆಗೆ ಹೋಗಿ ಸಹಿ ಹಾಕಬೇಕು, ಅಷ್ಟೇ. ದೇಶವೇನೂ ಮುಳುಗಲಿಲ್ಲ. ಹಾಗಾದರೆ ಅಷ್ಟು ವರ್ಷ ಒಳಗೆ ಇಟ್ಟದ್ದು ಯಾತಕ್ಕೆ?

2023ರಿಂದ ಇವರನ್ನೆಲ್ಲ ಗೋಲ್ಪಾರ ಜಿಲ್ಲೆಯ ಮಾಟಿಯಾದಲ್ಲಿ ಕಟ್ಟಿದ ದೊಡ್ಡ ಕೇಂದ್ರಕ್ಕೆ ಸಾಗಿಸಿದರು. 3,000 ಜನ ಹಿಡಿಸುವ ಜಾಗ. ಅದರ ಹೆಸರು ಈಗ ಡಿಟೆನ್ಷನ್ ಸೆಂಟರ್ ಅಲ್ಲ, 'ಟ್ರಾನ್ಸಿಟ್ ಕ್ಯಾಂಪ್'. ಹೆಸರು ಬದಲಾಯಿಸಿದರೆ ಬದುಕು ಬದಲಾಗುತ್ತದೆಯೇ ಎಂದು ನಮ್ಮನ್ನು ಕೇಳಬೇಕು. ನಮ್ಮ ಅಜ್ಜಂದಿರನ್ನು 'ಹರಿಜನ' ಎಂದು ಕರೆದ ಮೇಲೂ ಹೋಟೆಲಿನ ಲೋಟ ಬೇರೆಯೇ ಇತ್ತು. 2024ರಲ್ಲಿ ಕಾನೂನು ಸೇವಾ ಪ್ರಾಧಿಕಾರದ ವರದಿ ನೋಡಿ ಸುಪ್ರೀಂ ಕೋರ್ಟೇ ಬೇಸರಪಟ್ಟಿತು: ನೀರು ಸಾಲದು, ಶೌಚಾಲಯ ಸರಿಯಿಲ್ಲ, ಸ್ವಚ್ಛತೆ ಇಲ್ಲ.

ಒಳಗೆ ಇದ್ದವರೆಲ್ಲ ಗಡಿ ದಾಟಿ ಬಂದವರೇ ಎಂದುಕೊಳ್ಳಬೇಡಿ. ಮೂರು ದಶಕ ಸೇನೆಯಲ್ಲಿ ದುಡಿದ ಮೊಹಮ್ಮದ್ ಸನಾವುಲ್ಲಾ ಅವರನ್ನು 2019ರಲ್ಲಿ ವಿದೇಶಿ ಎಂದು ಒಳಗೆ ಹಾಕಿದರು. ಹೈಕೋರ್ಟ್ ಜಾಮೀನು ಕೊಟ್ಟ ಮೇಲೆ ಹೊರಬಂದರು. ರಹೀಂ ಅಲಿ ಎಂಬುವರನ್ನು ವಿದೇಶಿ ಎಂದದ್ದು ತಪ್ಪು ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅವರು ತೀರಿಕೊಂಡು ಎರಡೂವರೆ ವರ್ಷವಾಗಿತ್ತು. ಅವರ ದಾಖಲೆಗಳಲ್ಲಿ ಕಂಡ ದೋಷ ಏನು ಗೊತ್ತೇ? ಹೆಸರಿನ ಅಕ್ಷರ ಹೆಚ್ಚುಕಡಿಮೆ, ತಾರೀಖು ಹೆಚ್ಚುಕಡಿಮೆ.

ನನ್ನ ಅವ್ವನ ಹೆಸರು ರೇಷನ್ ಕಾರ್ಡಿನಲ್ಲಿ ಲಕ್ಷ್ಮವ್ವ, ವೋಟರ್ ಪಟ್ಟಿಯಲ್ಲಿ ಲಕ್ಷ್ಮಮ್ಮ, ಪಹಣಿಯಲ್ಲಿ ಲಕ್ಕವ್ವ. ಹುಟ್ಟಿದ ದಿನ ಯಾವ ಪುಸ್ತಕದಲ್ಲೂ ಇಲ್ಲ, "ದೊಡ್ಡ ಬರಗಾಲ ಆದ ಮಾರನೇ ವರ್ಷ" ಅಷ್ಟೇ. ನಿಮ್ಮ ಮನೆಗಳಲ್ಲೂ ಹೀಗೇ ಇದ್ದೀತು. ಮಾಮೂಲು ಅಪರಾಧದಲ್ಲಿ ಆರೋಪ ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಇಲ್ಲಿ ತಾನು ವಿದೇಶಿ ಅಲ್ಲ ಎಂದು ತೋರಿಸುವ ಹೊಣೆ ಹಿಡಿಸಿಕೊಂಡವನ ಮೇಲೇ ಇದೆ. 1946ರ ವಿದೇಶಿಯರ ಕಾಯ್ದೆಯ 9ನೇ ಸೆಕ್ಷನ್ ಹಾಗೆ ಹೇಳಿತ್ತು. 2025ರಲ್ಲಿ ಬಂದ ಹೊಸ ಕಾಯ್ದೆಯಲ್ಲೂ ಆ ಭಾರ ಹಾಗೇ ಇದೆ. ಕಾಗದ ಇಟ್ಟುಕೊಳ್ಳಲು ಗಟ್ಟಿ ಸೂರೇ ಇಲ್ಲದವರ ಮೇಲೆ ಕಾಗದದ ಭಾರ.

ಇದು ದೂರದ ಅಸ್ಸಾಮಿನ ಮಾತು ಎನ್ನುವವರಿಗೆ ಒಂದು ವಿಷಯ. ನಮ್ಮ ರಾಜ್ಯದ ವಿದೇಶಿಯರ ಬಂಧನ ಕೇಂದ್ರ ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿದೆ. ಅದು ಮೊದಲು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್. ಹೌದು, ನಮ್ಮ ಮಕ್ಕಳು ಓದಲೆಂದು ಕಟ್ಟಿದ ಹಾಸ್ಟೆಲ್. ಮಕ್ಕಳಿಲ್ಲದೆ ಮುಚ್ಚಿದ ಮೇಲೆ ಅದಕ್ಕೆ ಮುಳ್ಳುತಂತಿ, ಕಾವಲು ಗೋಪುರ ಬಂದವು. ನಾನೂ ಇಂಥದ್ದೇ ಒಂದು ಹಾಸ್ಟೆಲಿನಲ್ಲಿ ಐದು ವರ್ಷ ಟ್ರಂಕು ಇಟ್ಟುಕೊಂಡು ಓದಿದವನು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಬಾಬಾಸಾಹೇಬರು ತಮ್ಮ ಬದುಕಿನ ಅವಮಾನಗಳನ್ನು ಬರೆದಿಟ್ಟ ಚಿಕ್ಕ ಪುಸ್ತಕಕ್ಕೆ ಇರುವ ಹೆಸರು 'ವೇಟಿಂಗ್ ಫಾರ್ ಎ ವೀಸಾ'. ಬೇರೆ ದೇಶಕ್ಕೆ ಹೋಗುವ ಕಥೆ ಅದರಲ್ಲಿಲ್ಲ. ವಿದೇಶದಲ್ಲಿ ಓದಿ ಬಂದು 1917ರಲ್ಲಿ ಬರೋಡಾದಲ್ಲಿ ನೌಕರಿಗೆ ಸೇರಿದಾಗ ಉಳಿಯಲು ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿ ಪಾರ್ಸಿ ಛತ್ರದಲ್ಲಿ ಇದ್ದರು. ಗುಟ್ಟು ಬಯಲಾಗಿ ಕೋಲು ಹಿಡಿದ ಗುಂಪು ಬಂತು. ಸ್ನೇಹಿತರೂ ಜಾಗ ಕೊಡಲಿಲ್ಲ. ಸಾರ್ವಜನಿಕ ಉದ್ಯಾನದಲ್ಲಿ ಕೂತು ಹೊತ್ತು ಕಳೆದು ರಾತ್ರಿ ರೈಲಿಗೆ ಬೊಂಬಾಯಿಗೆ ಹೊರಟರು. ಹುಟ್ಟಿದ ನೆಲದಲ್ಲೇ ಪರವಾನಗಿ ಇಲ್ಲದ ಮನುಷ್ಯ. 'ನೀನು ಯಾರು, ಇಲ್ಲಿ ಏಕೆ ಇದ್ದೀಯ' ಎಂಬ ಪ್ರಶ್ನೆಯ ತೂಕ ಅವರಿಗೆ ಗೊತ್ತಿತ್ತು.

ಅದಕ್ಕೇ ಇರಬೇಕು, ಸಂವಿಧಾನದ 21ನೇ ವಿಧಿ 'ನಾಗರಿಕ' ಎನ್ನುವುದಿಲ್ಲ, 'ವ್ಯಕ್ತಿ' ಎನ್ನುತ್ತದೆ. ಸಮಾನತೆಯ 14ನೇ ವಿಧಿಯೂ ಹಾಗೆಯೇ. ಕರಡಿನಿಂದ 'ಡ್ಯೂ ಪ್ರೋಸೆಸ್' ಬಿಟ್ಟುಹೋದಾಗ, ಅದರ ನಷ್ಟ ತುಂಬಲು 1949ರ ಸೆಪ್ಟೆಂಬರಿನಲ್ಲಿ ಬಾಬಾಸಾಹೇಬರೇ ಇನ್ನೊಂದು ವಿಧಿ ಮಂಡಿಸಿದರು. ಅದೇ ಇಂದಿನ 22ನೇ ವಿಧಿ. ಹಿಡಿದವರು ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅದರಿಂದ ಹೊರಗಿಟ್ಟದ್ದು ಶತ್ರುದೇಶದವರನ್ನು ಮತ್ತು ಮುನ್ನೆಚ್ಚರಿಕೆ ಬಂಧನವನ್ನು. ವಿದೇಶಿ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಹೊರಗಿಟ್ಟಿಲ್ಲ.

ದೇಶಕ್ಕೆ ಗಡಿ ಬೇಡ ಎಂದು ನಾನು ಹೇಳುತ್ತಿಲ್ಲ. ಬಾಬಾಸಾಹೇಬರೂ ಹೇಳಿದವರಲ್ಲ. ಯಾರು ಒಳಗೆ ಬರಬೇಕು ಎಂದು ಸರ್ಕಾರ ತೀರ್ಮಾನಿಸಲಿ. ಬಂದವರನ್ನು ವಿಚಾರಿಸಿ ವಾಪಸ್ ಕಳಿಸಲಿ. ಆದರೆ ಹಾಗೆ ಕಾಯುವ ಅವಧಿಯಲ್ಲಿ ಆ ಮನುಷ್ಯನಿಗೆ ಏನು ಮಾಡುತ್ತೇವೆ ಎಂಬುದು ಗಡಿಯ ಪ್ರಶ್ನೆಯಲ್ಲ, ಶೀಲದ ಪ್ರಶ್ನೆ. ತಾಯಿಯಿಂದ ಮಗುವನ್ನು ಬಿಡಿಸಿದರೆ ಗಡಿಗೆ ಯಾವ ಬಲ ಬರುತ್ತದೆ?

ಇನ್ನು ಕಮ್ಮದ ಮಾತು. "ಅವರ ಕರ್ಮ, ಅವರು ಉಣ್ಣಲಿ." ಈ ಮಾತನ್ನು ನಾವು ಬಹಳ ಸಲ ಕೇಳಿದ್ದೇವೆ, ಕೇರಿಯ ಈ ಕಡೆ ನಿಂತು. ಹಿಂದಿನ ಜನ್ಮದ ಲೆಕ್ಕ ತೋರಿಸಿ ಇಂದಿನ ಹಿಂಸೆಯನ್ನು ಒಪ್ಪಿಸುವ ಆ ಸಿದ್ಧಾಂತವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಿರಸ್ಕರಿಸಿದ್ದಾರೆ. ಕಮ್ಮ ಎಂದರೆ ಈ ಜನ್ಮದ ನಡೆ. ಹಾಗಾದರೆ ಡಿಟೆನ್ಷನ್ ಸೆಂಟರಿನಲ್ಲಿ ನಡೆಯುತ್ತಿರುವುದು ಯಾರ ಕಮ್ಮ? ಬೀಗ ಹಾಕಿದವರದ್ದು, ಬೀಗಕ್ಕೆ ತೆರಿಗೆ ಕಟ್ಟಿದ ನಮ್ಮದು.

ಅದೇ ಗ್ರಂಥದಲ್ಲಿ ಸಿದ್ಧಾರ್ಥ ಮನೆ ಬಿಟ್ಟದ್ದು ಹೇಗೆ ಎಂದು ನೆನಪಿಸಿಕೊಳ್ಳಿ. ಮುದುಕನನ್ನೋ ಶವವನ್ನೋ ಕಂಡು ಅಲ್ಲ. ರೋಹಿಣಿ ನದಿಯ ನೀರಿಗಾಗಿ ಕೋಲಿಯರ ಮೇಲೆ ಯುದ್ಧ ಬೇಡ ಎಂದು ಶಾಕ್ಯ ಸಂಘದ ಬಹುಮತಕ್ಕೆ ಎದುರು ನಿಂತು, ಕೊನೆಗೆ ನಾಡು ತೊರೆಯುವ ದಾರಿ ಆರಿಸಿಕೊಂಡ. ಇನ್ನೊಬ್ಬರ ರಾಜ್ಯಕ್ಕೆ ಭಿಕ್ಷಾಪಾತ್ರೆ ಹಿಡಿದು ಬಂದ. ಮಗಧದ ಬಿಂಬಿಸಾರ ಅವನನ್ನು ಹಿಡಿಸಲಿಲ್ಲ, ತಾನೇ ಹೋಗಿ ಮಾತಾಡಿಸಿದ.

ನಮಗೆ ಕಹಿಯಾಗುವ ಮಾತೊಂದನ್ನೂ ಹೇಳಿಬಿಡುತ್ತೇನೆ. 2017ರಲ್ಲಿ ಬರ್ಮಾದಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಿದರು. ಅವರ ಮೇಲೆ ದ್ವೇಷ ಹರಡಿದವರಲ್ಲಿ ಚೀವರ ತೊಟ್ಟವರೂ ಇದ್ದರು. ಅದಕ್ಕೂ ಮೊದಲೇ ಬಂದು ಜಮ್ಮುವಿನಲ್ಲಿ ನೆಲೆಸಿದ್ದ ನೂರೈವತ್ತಕ್ಕೂ ಹೆಚ್ಚು ರೋಹಿಂಗ್ಯಾಗಳನ್ನು 2021ರಲ್ಲಿ ಹೀರಾನಗರದ ಸಬ್‌ಜೈಲಿಗೆ ಹಾಕಿದರು. ಬೈಲಕುಪ್ಪೆಯಲ್ಲಿ ಟಿಬೆಟಿನ ಬೌದ್ಧರಿಗೆ ನಮ್ಮ ರಾಜ್ಯ ಭೂಮಿ ಕೊಟ್ಟಿತು, ಸಂತೋಷಪಟ್ಟೆವು. ಮೈತ್ರಿ ಬೌದ್ಧರಿಗೆ ಮಾತ್ರ ಎಂದಾದರೆ ಅದು ಮೈತ್ರಿಯಲ್ಲ, ಬಳಗದ ಪ್ರೀತಿ.

ಕೇಳಬೇಕಾದ್ದು ಆಕಾಶದ ಚಂದ್ರನನ್ನಲ್ಲ. ಕುಟುಂಬವನ್ನು ಒಡೆಯಬಾರದು ಎಂದು ಕೇಂದ್ರ ಗೃಹ ಇಲಾಖೆ 2019ರಲ್ಲಿ ಕಳಿಸಿದ ಮಾದರಿ ಕೈಪಿಡಿಯೇ ಹೇಳುತ್ತದೆ. ಅದನ್ನು ಪಾಲಿಸಲಿ. ಬಂಧನಕ್ಕೆ ಕೊನೆಯ ದಿನಾಂಕ ಇರಲಿ, ಕಳಿಸಲಾಗದವರನ್ನು ಠಾಣೆಯ ಸಹಿಯ ಮೇಲೆ ಬಿಡಲಿ. ಮೊದಲ ದಿನದಿಂದಲೇ ಉಚಿತ ವಕೀಲರು ಸಿಗಲಿ. ಮಕ್ಕಳು ಬೀಗದೊಳಗೆ ಇರಬಾರದು, ಇದರಲ್ಲಿ ಚರ್ಚೆಯೇ ಬೇಡ. ಸೊಂಡೆಕೊಪ್ಪದಲ್ಲಿ ಈಗ ಎಷ್ಟು ಜನ ಇದ್ದಾರೆ, ಎಷ್ಟು ದಿನದಿಂದ, ಡಾಕ್ಟರು ಯಾವಾಗ ಬರುತ್ತಾರೆ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು. ಕರಡು ಬರೆದಿದ್ದೇನೆ. ನಮ್ಮ ಗುಂಪಿನ ವಕೀಲ ಬಂಧುಗಳು ಒಮ್ಮೆ ತಿದ್ದಿಕೊಟ್ಟರೆ ಈ ಭಾನುವಾರ ಸಹಿ ಮಾಡಿ ಕಳಿಸೋಣ.

ಭಾನುವಾರದ ಓದು: 'ಬುದ್ಧ ಮತ್ತು ಆತನ ಧಮ್ಮ', ರೋಹಿಣಿ ನದಿಯ ಪ್ರಕರಣ. ಬೆಳಗ್ಗೆ ಹತ್ತಕ್ಕೆ ತ್ರಿಶರಣ, ಪಂಚಶೀಲ. ಪುಸ್ತಕ ಇದ್ದವರು ತನ್ನಿ.

ಜೈ ಭೀಮ್.