ಮೆಚ್ಚುಗೆಯೊಳಗಿನ ಗೆರೆ

ಸಹಕಾರನಗರದಲ್ಲಿ ಬಾಡಿಗೆ ಮನೆ ನೋಡಲು ಗೆಳೆಯನೊಡನೆ ಹೋಗಿದ್ದೆ. ಮನೆ ಯಜಮಾನರು ಅರ್ಧ ಗಂಟೆ ಅವನೊಂದಿಗೆ ಹರಟಿದರು. ಕೊನೆಗೆ ಹೆಸರು ಕೇಳಿದರು. ಮುಸ್ಲಿಂ ಹೆಸರು. 'ಪರವಾಗಿಲ್ಲ, ಕನ್ನಡ ಚೆನ್ನಾಗಿ ಮಾತಾಡ್ತೀರಿ' ಎಂದರು. ಅವನು ಹಾಸನದಲ್ಲಿ ಹುಟ್ಟಿ ಬೆಳೆದವನು. ಬೈಗುಳವಾಗಿದ್ದರೆ ಜಗಳವಾಡಬಹುದಿತ್ತು, ಮೆಚ್ಚುಗೆಯ ಜೊತೆ ಜಗಳವಾಡುವುದು ಹೇಗೆ?

'ಅನ್ಯ' ಎಂಬುದು ವ್ಯಕ್ತಿಯಲ್ಲಿರುವ ಗುಣವೋ, ನೋಡುವವರು ಎಳೆಯುವ ಗೆರೆಯೋ? ಮೊರಾಕ್ಕೊದ ಚಿಂತಕ ಅಬ್ದೆಲ್‌ಕೆಬೀರ್ ಖತೀಬಿ (1938–2009) ಅರಬ್ ಜಗತ್ತಿಗೆ 'ಇಮ್ಮಡಿ ವಿಮರ್ಶೆ' ಬೇಕೆಂದರು. ಅರಬರನ್ನು ಅನ್ಯರನ್ನಾಗಿಸಿದ ಪಶ್ಚಿಮದ ಜ್ಞಾನವನ್ನೂ ಪ್ರಶ್ನಿಸಬೇಕು, ತಮ್ಮದೇ ಪರಂಪರೆಯನ್ನೂ ಪ್ರಶ್ನಿಸಬೇಕು. ಹಾಗೆ ಪ್ರಶ್ನಿಸುವವರು ಎರಡೂ ಕಡೆ ಹೊರಗಿನವರಾಗುವ ಅಪಾಯವಿದೆ.

ಈ ಮಾತಿಗೆ ನಮ್ಮಲ್ಲೇ ಉದಾಹರಣೆಯಿದೆ. ಬಾನು ಮುಷ್ತಾಕ್ ಅವರ ಮನೆಮಾತು ದಖನಿ ಉರ್ದು, ಬರೆಯುವುದು ಕನ್ನಡದಲ್ಲಿ. ಮಸೀದಿಗೆ ಮಹಿಳೆಯರ ಪ್ರವೇಶವನ್ನು ಬೆಂಬಲಿಸಿದ್ದಕ್ಕೆ 2000ದಲ್ಲಿ ಅವರು ಸ್ವಂತ ಸಮುದಾಯದಿಂದಲೇ ಬಹಿಷ್ಕಾರ ಎದುರಿಸಿದರು. ಹೊರಗಿನ ಓದುಗರು ಅವರನ್ನು ಧೀರೆ ಎಂದರು. 2023ರ ಜನಸಾಹಿತ್ಯ ಸಮ್ಮೇಳನದಲ್ಲಿ ಅವರು ಕನ್ನಡದ ಕಡೆಗೂ ತಿರುಗಿದರು: ಭಾಷೆಯನ್ನು ಭುವನೇಶ್ವರಿಯಾಗಿಸಿದರೆ ನನ್ನಂಥವರು ಎಲ್ಲಿ ನಿಲ್ಲಬೇಕು ಎಂಬುದು ಅವರ ಪ್ರಶ್ನೆಯ ಸಾರ. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸಂಭ್ರಮಿಸಿದೆವು. ಆಗಸ್ಟ್‌ನಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ಆ ಹಳೆಯ ಭಾಷಣ ಹೊರಬಂತು. ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅರ್ಜಿ ವಜಾ ಆಯಿತು. ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು.

ಕನ್ನಡವನ್ನು ತಾಯಿಯೆಂದು ಕೈಮುಗಿಯುವವರ ಭಕ್ತಿ ಸುಳ್ಳಲ್ಲ. ಅವರು ಬಾನು ಅವರ ಮಾತನ್ನು ಒಪ್ಪಬೇಕಾಗಿಯೂ ಇಲ್ಲ. ಭಾಷೆಗೆ ದೇವತೆಯ ರೂಪ ಕೊಟ್ಟರೆ ಯಾರೂ ಹೊರಗುಳಿಯುವುದಿಲ್ಲ ಎಂದು ವಾದಿಸಬಹುದು. ಆದರೆ ಮಾತನ್ನು ತಳ್ಳಿಹಾಕುವುದು ಬೇರೆ, ಮಾತಾಡುವ ಹಕ್ಕನ್ನೇ ಕಿತ್ತುಕೊಳ್ಳುವುದು ಬೇರೆ. ಕುವೆಂಪು ನಮ್ಮ ಆಚರಣೆಗಳನ್ನು ಕಟುವಾಗಿ ಟೀಕಿಸಿದರು. ಅದನ್ನು ಮನೆಮಗನ ಸಿಟ್ಟು ಎಂದು ಕೇಳಿಸಿಕೊಂಡೆವು. ಬಾನು ಅವರ ಟೀಕೆ ಮಾತ್ರ ಅತಿಥಿಯ ಕೃತಘ್ನತೆಯಂತೆ ಏಕೆ ಕೇಳಿಸಬೇಕು? ಅವರು ತಮ್ಮವರನ್ನು ಟೀಕಿಸಿದಾಗ ಚಪ್ಪಾಳೆ ತಟ್ಟಿ, ನಮ್ಮನ್ನು ಟೀಕಿಸಿದಾಗ ಬಾಗಿಲು ತೋರಿಸುವುದಾದರೆ, ನಾವು ಮೆಚ್ಚಿದ್ದು ಅವರ ಧೈರ್ಯವನ್ನಲ್ಲ, ನಮ್ಮ ಅನುಕೂಲವನ್ನು.

ಒಂದು ಜಾಗ ನಮ್ಮದು ಎಂಬುದಕ್ಕೆ ಪುರಾವೆ ಅಲ್ಲಿ ಸಿಗುವ ಸ್ವಾಗತವಲ್ಲ. ಅಲ್ಲಿ ಹೆದರದೆ ಗೊಣಗಬಹುದೇ ಎಂಬುದು.

ಗೆಳೆಯನಿಗೆ ಆ ಮನೆಯೇ ಸಿಕ್ಕಿತು. ಯಜಮಾನರು ಹಬ್ಬಕ್ಕೆ ಹೋಳಿಗೆ ಕಳಿಸುತ್ತಾರೆ. ಆದರೆ ನಲ್ಲಿಯಲ್ಲಿ ನೀರು ನಿಂತರೆ ಅವನು ಎರಡು ದಿನ ಸುಮ್ಮನಿರುತ್ತಾನೆ. ಮೂರನೆಯ ದಿನ, ಒಳ್ಳೆಯ ಕನ್ನಡದಲ್ಲಿ, ಮೆಲ್ಲಗೆ ಕೇಳುತ್ತಾನೆ.