ಮರಣಶಾಸನವೂ ಪಿತೃಋಣವೂ



ಭಾದ್ರಪದ ಬಹುಳದಲ್ಲಿ ಪಕ್ಷದ ತಿಥಿಯನ್ನು ಪಂಚಾಂಗದಲ್ಲಿ ನೋಡಿ, ಎಳ್ಳು ದರ್ಭೆಗಳನ್ನು ಸಿದ್ಧಪಡಿಸಿಕೊಂಡು, ಪಿತೃಗಳನ್ನು ಶ್ರದ್ಧೆಯಿಂದ ಸ್ಮರಿಸುವುದು ನಮ್ಮ ಮನೆಗಳ ಆಚಾರ. ಪಿಂಡವನ್ನು ಕೊಡುವ ಕೈಯಲ್ಲಿಯೇ ಅವರು ಬಿಟ್ಟುಹೋದ ದ್ರವ್ಯವೂ ಇರುತ್ತದೆ. ಆ ದ್ರವ್ಯದ ವಿಷಯದಲ್ಲಿ ನಾವು ಹೇಗೆ ನಡೆದುಕೊಂಡೆವೆಂಬುದೂ ಶ್ರಾದ್ಧಕ್ಕೆ ಸಂಬಂಧಿಸಿದ್ದೇ ಎಂದು ಭಾವಿಸಿ ನಾಲ್ಕು ಮಾತುಗಳನ್ನು ವಿಜ್ಞಾಪಿಸಿಕೊಳ್ಳುತ್ತೇನೆ.

ಬದುಕಿರುವಾಗ ಮರಣಾನಂತರದ ವ್ಯವಸ್ಥೆಯ ಮಾತನಾಡುವುದು ಅಮಂಗಳವೆಂಬ ಭಾವನೆ ಅನೇಕರಲ್ಲಿದೆ. ಶಾಸ್ತ್ರದ ದೃಷ್ಟಿ ಹಾಗಿಲ್ಲ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯರು ಗೃಹಸ್ಥಾಶ್ರಮವನ್ನು ತೊರೆಯಲು ನಿಶ್ಚಯಿಸಿದಾಗ, ಮೊದಲು ಮೈತ್ರೇಯೀ ಕಾತ್ಯಾಯನಿಯರಿಗೆ ತಮ್ಮ ವಿತ್ತವನ್ನು ವಿಭಾಗಿಸಿಕೊಡಲು ಮುಂದಾದರು. ವಿತ್ತದಿಂದ ಅಮೃತತ್ವ ದೊರೆಯುವುದೇ ಎಂಬ ಮೈತ್ರೇಯಿಯ ಪ್ರಶ್ನೆಯನ್ನು ನಾವೆಲ್ಲರೂ ಬಲ್ಲೆವು. ಆ ಪ್ರಶ್ನೆ ಹುಟ್ಟಿದ್ದು ಆಸ್ತಿವಿಭಾಗದ ಮಾತಿನಿಂದ ಎಂಬುದನ್ನು ಮಾತ್ರ ಮರೆಯುತ್ತೇವೆ. ಶ್ರೀಮದ್ಭಾಗವತದಲ್ಲಿ ಧರ್ಮರಾಜನು ಹಸ್ತಿನಾವತಿಯಲ್ಲಿ ಪರೀಕ್ಷಿತನಿಗೂ ಮಥುರೆಯಲ್ಲಿ ವಜ್ರನಿಗೂ ಪಟ್ಟಗಟ್ಟಿದ ಮೇಲೆಯೇ ಹೊರಟನು. ಪರೀಕ್ಷಿತನೂ ರಾಜ್ಯಭಾರವನ್ನು ಮಗನಿಗೊಪ್ಪಿಸಿಯೇ ಗಂಗಾತೀರದಲ್ಲಿ ಹರಿಕಥಾಶ್ರವಣಕ್ಕೆ ಕುಳಿತನು. ಮನಸ್ಸು ಹರಿಯಲ್ಲಿ ನಿಲ್ಲಬೇಕಾದರೆ ಮನೆಯ ಲೆಕ್ಕ ಮುಗಿದಿರಬೇಕು.

ನಮ್ಮ ಸಿದ್ಧಾಂತದಲ್ಲಿ ಶ್ರೀಹರಿಯೊಬ್ಬನೇ ಸ್ವತಂತ್ರನು. ಸಮಸ್ತವೂ ಅವನ ಸೊತ್ತು. ಗೃಹಸ್ಥನು ಅವನ ಉಗ್ರಾಣವನ್ನು ಕೆಲಕಾಲ ನೋಡಿಕೊಳ್ಳುವ ಸೇವಕನು. ಲೆಕ್ಕವೊಪ್ಪಿಸದೆ ಬೀಗದಕೈ ಸಹಿತ ಹೊರಟುಹೋದ ಸೇವಕನನ್ನು ಯಾರು ಮೆಚ್ಚುವರು?

ಇನ್ನು ಪರರ ದೋಷವನ್ನು ಹೇಳುವ ಬದಲು ನನ್ನದನ್ನೇ ನಿವೇದಿಸುತ್ತೇನೆ. ನನ್ನ ತೀರ್ಥರೂಪರು ಬಾಳಿನುದ್ದಕ್ಕೂ ದೇವರ ಪೂಜೆ ಮಾಡಿಕೊಂಡಿದ್ದು ಹರಿಪಾದವನ್ನು ಸೇರಿದರು. ಮರಣಶಾಸನವನ್ನು ಬರೆದಿರಲಿಲ್ಲ. ಬ್ಯಾಂಕಿನಲ್ಲಿದ್ದ ಅವರ ಠೇವಣಿಗೆ ನಾಮಿನಿ ನಾನಾಗಿದ್ದೆನಾದ್ದರಿಂದ ಹಣ ನನ್ನ ಕೈಸೇರಿತು. ಹೆಸರು ನನ್ನದಾದ ಮೇಲೆ ಹಣವೂ ನನ್ನದೆಂದೇ ತಿಳಿದೆ. ತಾಯಿಯವರೂ ತಂಗಿಯೂ ಕೇಳಲಿಲ್ಲ, ಕೇಳದಿದ್ದುದನ್ನೇ ಒಪ್ಪಿಗೆಯೆಂದೆಣಿಸಿದೆ.

ವರ್ಷಾಬ್ದಿಕಕ್ಕೆ ಮುಂಚೆ ಅವರ ಹಳೆಯ ದಿನಚರಿಯನ್ನು ತೆರೆದಾಗ, ತಂಗಿಯ ವಿವಾಹಕ್ಕೆಂದು ಹಿರಿಯರೊಬ್ಬರಿಂದ ಪಡೆದ ಸಾಲದಲ್ಲಿ 15,000 ರೂಪಾಯಿ ಬಾಕಿಯೆಂದು ಬರೆದಿತ್ತು. ಆ ಹಿರಿಯರು ವೈಕುಂಠ ಸಮಾರಾಧನೆಗೆ ಬಂದು, ಎಲೆಯ ಮುಂದೆ ಕುಳಿತು, ಒಂದು ಮಾತನ್ನೂ ಆಡದೆ ಹೋಗಿದ್ದರು. ತಂದೆಯನ್ನು ಋಣದಲ್ಲಿಟ್ಟು ನಾನು ಹದಿಮೂರು ದಿನಗಳ ಕರ್ಮವನ್ನು ಸಾಂಗವಾಗಿ ಮುಗಿಸಿದೆನೆಂದು ತೃಪ್ತನಾಗಿದ್ದೆ! ತಂದೆಯ ನ್ಯಾಯವಾದ ಸಾಲವನ್ನು ಮಗನು ತೀರಿಸಬೇಕೆಂಬ ಸ್ಮೃತಿವಾಕ್ಯವನ್ನು ಪಾಠಶಾಲೆಯಲ್ಲಿ ಕೇಳಿದ್ದವನು ನಾನು.

ವಕೀಲರೊಬ್ಬರನ್ನು ವಿಚಾರಿಸಲಾಗಿ, ಬ್ಯಾಂಕ್ ಠೇವಣಿಯ ನಾಮಿನಿಯು ಹಣವನ್ನು ಪಡೆಯುವವನೇ ಹೊರತು ಒಡೆಯನಲ್ಲವೆಂದೂ, ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆಯೆಂದೂ ತಿಳಿಸಿದರು. ಉಯಿಲಿಲ್ಲದೆ ತೀರಿಕೊಂಡ ಗೃಹಸ್ಥನ ಸ್ವಯಾರ್ಜಿತವು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಪತ್ನಿ, ಪುತ್ರರು, ಪುತ್ರಿಯರು ಹಾಗೂ ಬದುಕಿದ್ದರೆ ತಾಯಿ, ಇವರೆಲ್ಲರಿಗೂ ಸಮನಾಗಿ ಸಲ್ಲುತ್ತದೆ. ಪಿತ್ರಾರ್ಜಿತದಲ್ಲಿಯೂ ಮಗಳಿಗೆ ಮಗನಷ್ಟೇ ಹಕ್ಕನ್ನು 2005ರ ತಿದ್ದುಪಡಿಯು ಕೊಟ್ಟಿತು. ಅದು ಜನ್ಮದಿಂದಲೇ ಬಂದ ಹಕ್ಕು, ಆಗ ತಂದೆ ಜೀವಿಸಿರಬೇಕೆಂಬ ನಿಯಮವಿಲ್ಲ ಎಂದು 2020ರಲ್ಲಿ ತೀರ್ಪಾಯಿತು.

ಸಾಲವನ್ನು ತೀರಿಸಿ, ಉಳಿದುದನ್ನು ಮೂರು ಸಮಭಾಗ ಮಾಡಿದೆ. ತಾಯಿಯವರು ತಮ್ಮ ಭಾಗವನ್ನು ದೇವರ ಮುಂದಿಟ್ಟು, "ಕೇಳೋಣವೆಂದಿದ್ದೆನಪ್ಪಾ, ನಿನ್ನ ಮನಸ್ಸು ನೊಂದೀತೆಂದು ಸುಮ್ಮನಿದ್ದೆ" ಎಂದರು. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ತೀರ್ಥರೂಪರು ಒಂದು ಹಾಳೆ ಬರೆದಿಟ್ಟಿದ್ದರೆ ಆ ತಾಯಿಗೆ ಒಂದು ವರ್ಷದ ಮೌನ ತಪ್ಪುತ್ತಿತ್ತು. ನನಗೆ ಪಾಪವೂ ತಪ್ಪುತ್ತಿತ್ತು.

ಆದಕಾರಣ ಗೃಹಸ್ಥರಲ್ಲಿ ನನ್ನ ಪ್ರಾರ್ಥನೆ ಇಷ್ಟು. ಬುದ್ಧಿ ಸ್ವಸ್ಥವಾಗಿರುವಾಗಲೇ ಮರಣಶಾಸನವನ್ನು ಬರೆಯಿರಿ. ಬಿಳಿಯ ಹಾಳೆ ಸಾಕು; ಮುದ್ರಾಂಕ ಶುಲ್ಕವಿಲ್ಲ; ನೋಂದಣಿ ಕಡ್ಡಾಯವಲ್ಲವಾದರೂ ಮಾಡಿಸುವುದು ಕ್ಷೇಮ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ನಿಮ್ಮ ರುಜುವಿಗೆ ಇಬ್ಬರ ಸಾಕ್ಷಿ ಅಗತ್ಯ. ಭಾಗ ಪಡೆಯುವವರನ್ನು ಸಾಕ್ಷಿಗಳಾಗಿ ಕರೆಯದಿರುವುದು ವಿವೇಕ. ಬದುಕಿರುವವರೆಗೆ ಅದನ್ನು ಬದಲಾಯಿಸಲು ನೀವು ಸ್ವತಂತ್ರರು. ಕೊಡಬೇಕಾದ ಸಾಲವನ್ನು ಮೊದಲು ಬರೆಯಿರಿ, ಬರಬೇಕಾದುದನ್ನು ಅನಂತರ. ಮನೆದೇವರ ಪೆಟ್ಟಿಗೆ, ಸಾಲಿಗ್ರಾಮಗಳು, ತಾಳೆಗರಿಯ ಗ್ರಂಥಗಳು ಯಾರಲ್ಲಿರಬೇಕೆಂಬುದನ್ನೂ ಸೂಚಿಸಿರಿ. ದೇವಾಲಯದ ಪಾತ್ರೆ ಆಭರಣಗಳು ಮನೆಯಲ್ಲಿದ್ದರೆ ಅವು ದೇವರವೆಂದು ಸ್ಪಷ್ಟವಾಗಿ ನಮೂದಿಸಿರಿ.

ಉಳಿದವರ ಕರ್ತವ್ಯವೂ ಇದೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಸಪಿಂಡೀಕರಣವಾದೊಡನೆ ಎಲ್ಲರೂ ಕುಳಿತು ಕಾಗದಪತ್ರಗಳನ್ನು ಎಲ್ಲರೆದುರಿಗೆ ತೆರೆಯಬೇಕು. ಕೇಳದೆ ಸುಮ್ಮನಿರುವವರ ಭಾಗವನ್ನು ಮೊದಲು ಎತ್ತಿಡಬೇಕು.

ಪಿತೃಗಳು ನಮ್ಮಿಂದ ಬಯಸುವುದು ತಿಲೋದಕವನ್ನು. ಅದರ ಜೊತೆಗೆ ತಮ್ಮ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು. ಪಿತ್ರಂತರ್ಗತನಾದ ಶ್ರೀಜನಾರ್ದನನು ಇದರಿಂದ ಪ್ರೀತನಾಗಲಿ.

ಶ್ರೀಕೃಷ್ಣಾರ್ಪಣಮಸ್ತು.